ಗದ್ದೆಗೆ ಎರಚಿದ ಯೂರಿಯಾದಲ್ಲಿ ಪೈರಿಗೆ ಸೇರೋದು ಮೂರನೇ ಒಂದು ಪಾಲು. ಉಳಿದದ್ದು ಎಲ್ಲಿಗೆ ಹೋಗುತ್ತೆ? (ಇದೊಂದು ಚರ್ಚೆ, ಪ್ರತಿ ಮಾತಿನ ಮೇಲಿರೋದು ಬರೆದವರ ಅಡ್ಡಹೆಸರು.)

ಗದ್ದೆಬದು

ಲೆಕ್ಕದಿಂದಲೇ ಶುರು ಮಾಡೋಣ. ನಾಲೆ ನೀರಿನ ಭತ್ತಕ್ಕೆ ಹೆಕ್ಟೇರಿಗೆ 100:50:50 ಕೆಜಿ (ಸಾರಜನಕ, ರಂಜಕ, ಪೊಟ್ಯಾಷ್) ಶಿಫಾರಸು, ಅಂದರೆ ಎಕರೆಗೆ 40 ಕೆಜಿ ಸಾರಜನಕ. ಯೂರಿಯಾದಲ್ಲಿ ಸಾರಜನಕ ಶೇ 46. 45 ಕೆಜಿ ಚೀಲಕ್ಕೆ 20.7 ಕೆಜಿ ಆಯ್ತು. ಸಾರಜನಕ, ರಂಜಕ ಎರಡೂ ಇರುವ ಡಿಎಪಿ ಗೊಬ್ಬರದ 50 ಕೆಜಿ ಚೀಲದಲ್ಲಿ ಸಾರಜನಕ 9 ಕೆಜಿ. ಹಾಗಾಗಿ ಎಕರೆಗೆ ಒಂದು ಚೀಲ ಡಿಎಪಿ, ಒಂದೂವರೆ ಚೀಲ ಯೂರಿಯಾ ಹಾಕಿದರೆ 40 ಕೆಜಿ ಸರಿಯಾಗಿ ಕೂರುತ್ತೆ.

ಈಗ ಕಟಾವಿನ ಕಡೆ. 25 ಕ್ವಿಂಟಲ್ ಭತ್ತ ಬಂದರೆ ಕಾಳಿನಲ್ಲಿ ಸುಮಾರು 27 ಕೆಜಿ, ಹುಲ್ಲಿನಲ್ಲಿ 15-16 ಕೆಜಿ ಸಾರಜನಕ ಇರುತ್ತೆ. ಒಟ್ಟು 43 ಅಂತಿಟ್ಟುಕೊಳ್ಳಿ. ಕೊಟ್ಟಿದ್ದು 40, ತೆಗೆದಿದ್ದು 43. ನೋಡಿದರೆ ಜಮಾ ಖರ್ಚು ತಾಳೆ ಆದ ಹಾಗೆ ಕಾಣುತ್ತೆ, ಆದರೆ ಆಗಿಲ್ಲ. ಭತ್ತದ ಗದ್ದೆಯಲ್ಲಿ ಹಾಕಿದ ಗೊಬ್ಬರದ ಸಾರಜನಕ ಆ ಬೆಳೆಗೆ ಸೇರುವುದು ಶೇ 30ರಿಂದ 40 ಮಾತ್ರ. 40 ಕೆಜಿಯಲ್ಲಿ 12ರಿಂದ 16. ಪೈರಿನಲ್ಲಿರುವ ಮಿಕ್ಕ 27-31 ಕೆಜಿ ಮಣ್ಣು ಕೊಟ್ಟಿದ್ದು. ಹಾಗಾದರೆ ಚೀಲದಿಂದ ಬಂದ ಇನ್ನೊಂದು 25 ಕೆಜಿ ಏನಾಯ್ತು? ಒಂದಷ್ಟು ಮಣ್ಣಿನ ಸಾವಯವ ಭಾಗಕ್ಕೆ ಸೇರುತ್ತೆ, ಅದು ನಷ್ಟವಲ್ಲ. ಉಳಿದದ್ದು ಗಾಳಿಗೆ ಮತ್ತು ಅಂತರ್ಜಲಕ್ಕೆ. ಯಾವ ದಾರಿಯಲ್ಲಿ, ಯಾವ ದಿನ ಹೋಗುತ್ತೆ ಅನ್ನೋದು ಗೊತ್ತಾದರೆ ತಡೆಯಬಹುದು. ತಿಳಿದವರು ಒಂದೊಂದೇ ದಾರಿ ಬಿಡಿಸಿ ಬರೆಯಿರಿ.

ಮಣ್ಣಿನ ಲ್ಯಾಬು

ಮೊದಲ ದಾರಿ ಅಮೋನಿಯಾ. ಯೂರಿಯಾವನ್ನು ಬೇರು ಇದ್ದಂತೆಯೇ ಹೆಚ್ಚು ಎಳೆದುಕೊಳ್ಳೋದಿಲ್ಲ. ಮಣ್ಣಿನಲ್ಲೂ ನೀರಿನಲ್ಲೂ ಇರುವ ಯೂರಿಯೇಸ್ ಎಂಬ ಕಿಣ್ವ ಅದನ್ನು ಒಡೆದು ಅಮೋನಿಯಾ, ಇಂಗಾಲದ ಡೈಆಕ್ಸೈಡ್ ಮಾಡುತ್ತೆ. ನಿಂತ ನೀರಿಗೆ ಎರಚಿದರೆ ಎರಡರಿಂದ ನಾಲ್ಕು ದಿನದೊಳಗೆ ನೀರಿನಲ್ಲಿ ಅಮೋನಿಯಾ ಮಟ್ಟ ತುದಿ ಮುಟ್ಟುತ್ತೆ.

ಅಲ್ಲಿಂದ ಮುಂದೆ ಎಲ್ಲ ನೀರಿನ ಪಿಎಚ್ ಕೈಯಲ್ಲಿ, ಅಂದರೆ ಹುಳಿ-ಕ್ಷಾರದ ಅಳತೆ, 7ಕ್ಕಿಂತ ಮೇಲೆ ಹೋದಷ್ಟೂ ಕ್ಷಾರ. ಅಮೋನಿಯಾಗೆ ಎರಡು ರೂಪ. ಅಮೋನಿಯಂ ಅನ್ನೋ ವಿದ್ಯುದಂಶದ ರೂಪ ಜೇಡಿಗೆ ಅಂಟಿಕೊಂಡು ಕೂರುತ್ತೆ. ಅಮೋನಿಯಾ ಅನಿಲ ಹಾರಿಹೋಗುತ್ತೆ. 25 ಡಿಗ್ರಿ ಬಿಸಿಯಲ್ಲಿ ಪಿಎಚ್ 7 ಇದ್ದರೆ ನೂರರಲ್ಲಿ ಒಂದು ಪಾಲೂ ಅನಿಲ ಆಗಿರಲ್ಲ. 8ಕ್ಕೆ ಶೇ 5. 9ಕ್ಕೆ ಶೇ 36. 10ಕ್ಕೆ ಶೇ 85.

ಗದ್ದೆ ನೀರು 9 ಮುಟ್ಟುತ್ತಾ ಅಂತ ಅನುಮಾನ ಬಂದರೆ ಪಿಎಚ್ ಪೇಪರ್ ಹಿಡಿದು ಒಂದೇ ದಿನ ಎರಡು ಸಲ ನೋಡಿ. ಬೆಳಿಗ್ಗೆ ಆರೂವರೆಗೆ 7.5ರ ಸುತ್ತ ಇರುವ ನೀರು ಬಿಸಿಲಿನ ದಿನ ಮಧ್ಯಾಹ್ನ ಎರಡಕ್ಕೆ 9 ದಾಟಿರಬಹುದು. ಕಾರಣ ಪಾಚಿ. ಬಿಸಿಲಲ್ಲಿ ಅದು ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತೆ, ಹುಳಿ ಅಂಶ ಕಮ್ಮಿಯಾಗಿ ನೀರು ಕ್ಷಾರಕ್ಕೆ ತಿರುಗುತ್ತೆ. ರಾತ್ರಿ ಮತ್ತೆ ಇಳಿಯುತ್ತೆ. ನಾಟಿ ಆಗಿ 15-20 ದಿನಕ್ಕೆ ಪೈರು ಇನ್ನೂ ವಿರಳ, ನೀರಿನ ಮೇಲೆ ಪೂರ್ತಿ ಬಿಸಿಲು, ಮೇಲೊಂದಿಷ್ಟು ಗಾಳಿ. ಆ ಹೊತ್ತಿನಲ್ಲಿ ನಿಂತ ನೀರಿಗೆ ಎರಚಿದ ಯೂರಿಯಾದಲ್ಲಿ ಅರ್ಧದಷ್ಟು ಅನಿಲವಾಗಿ ಹೋಗಿರೋದು ಅಳತೆಯಲ್ಲಿ ಸಿಕ್ಕಿದೆ. ಅದೇ ಪೈರು ತೆಂಡೆ (ಬುಡದ ಕವಲು) ಒಡೆದು ನೆಲ ಮುಚ್ಚಿದ ಮೇಲೆ ನೆರಳು ಬೀಳುತ್ತೆ, ಪಾಚಿ ಕಮ್ಮಿ, ನಷ್ಟವೂ ಕಮ್ಮಿ, ಬೇರಿನ ಜಾಲವೂ ದೊಡ್ಡದು. ಆದ್ದರಿಂದ ನಾಟಿ ಆದ ಮೇಲೆ ಎರಚುವ ಮೊದಲ ಮೇಲುಗೊಬ್ಬರದ ವಿಷಯದಲ್ಲೇ ಹೆಚ್ಚು ಎಚ್ಚರ ಬೇಕು.

ನಾಲೆಏರಿ

ಈಗ ಬರೋದೆಲ್ಲ ಬೇವು ಲೇಪಿತ ಯೂರಿಯಾನೇ ಅಲ್ವಾ? 2015ರಿಂದ ಬರೀ ಬಿಳಿ ಯೂರಿಯಾ ಮಾರಾಟಕ್ಕೇ ಇಲ್ಲ. ಬೇವು ಇರೋದ್ರಿಂದ ಹಾರಿ ಹೋಗಲ್ಲ ಅಂತ ಅಂಗಡಿಯವರೂ ಹೇಳ್ತಾರೆ, ರೈತರೂ ನಂಬವ್ರೆ.

ಮಣ್ಣಿನ ಲ್ಯಾಬು

ಈ ತಪ್ಪು ಕಲ್ಪನೆ ಹೋಗಲೇಬೇಕು. ಬೇವಿನೆಣ್ಣೆ ತಡೆಯೋದು ಬೇರೆ ಹೆಜ್ಜೆಯನ್ನು. ಯೂರಿಯಾ ಅಮೋನಿಯಾ ಆಗೋದು ಮೊದಲ ಹೆಜ್ಜೆ. ಅಮೋನಿಯಂ ನೈಟ್ರೈಟ್ ಆಗಿ ಆಮೇಲೆ ನೈಟ್ರೇಟ್ ಆಗೋದು ಎರಡನೆಯದು. ಈ ಎರಡನೇ ಕೆಲಸವನ್ನು ನೈಟ್ರೊಸೊಮೊನಾಸ್ ಎಂಬ ಬ್ಯಾಕ್ಟೀರಿಯಾ ಶುರು ಮಾಡುತ್ತೆ, ನೈಟ್ರೊಬ್ಯಾಕ್ಟರ್ ಥರದವು ಮುಗಿಸುತ್ತವೆ. ಬೇವು ನಿಧಾನ ಮಾಡೋದು ನೈಟ್ರೊಸೊಮೊನಾಸ್ ಕೆಲಸವನ್ನ. ಯೂರಿಯೇಸ್ ಮೇಲೆ ಅದರ ಹಿಡಿತ ಹೇಳಿಕೊಳ್ಳುವಂಥದ್ದಲ್ಲ. ಮಟಮಟ ಮಧ್ಯಾಹ್ನ ನಿಂತ ನೀರಿಗೆ ಬೇವು ಲೇಪಿತ ಯೂರಿಯಾ ಎರಚಿದರೂ ಅಮೋನಿಯಾ ಹಾರುತ್ತೆ. ಬೇವಿನ ಲಾಭ ಸಿಗೋದು ಮುಂದೆ ಹೇಳುವ ನೈಟ್ರೇಟ್ ನಷ್ಟದಲ್ಲಿ.

ಬೇರುಗಂಟು

ಯೂರಿಯೇಸ್ ಕೆಲಸವನ್ನು ಕಣ್ಣಿಂದ ನೋಡಬೇಕು ಅಂದರೆ ಅಡುಗೆಮನೆ ಸಾಮಾನು ಸಾಕು. ಹುರುಳಿಕಾಳಿನಲ್ಲಿ ಈ ಕಿಣ್ವ ಚೆನ್ನಾಗಿದೆ, ಸೋಯಾದಲ್ಲೂ ಇದೆ. 1926ರಲ್ಲಿ ಜೇಮ್ಸ್ ಸಮ್ನರ್ ಮೊಟ್ಟಮೊದಲು ಹರಳಾಗಿ ಬೇರ್ಪಡಿಸಿದ ಕಿಣ್ವ ಇದೇ ಯೂರಿಯೇಸ್, ಅದೂ ಒಂದು ಜಾತಿಯ ಅವರೆಕಾಳಿನಿಂದ.

ಎರಡು ಗಾಜಿನ ಲೋಟ ತಗೊಳ್ಳಿ. ಎರಡಕ್ಕೂ 100 ಎಂಎಲ್ ಉಗುರುಬೆಚ್ಚಗಿನ ನೀರು, ಒಂದೊಂದು ಚಮಚ ಯೂರಿಯಾ. ಒಂದಕ್ಕೆ ಹಸಿ ಹುರುಳಿಕಾಳಿನ ಹಿಟ್ಟು ಒಂದು ಚಮಚ, ಇನ್ನೊಂದಕ್ಕೆ ಚೆನ್ನಾಗಿ ಹುರಿದ ಹುರುಳಿ ಹಿಟ್ಟು ಅಷ್ಟೇ. ಅರಿಶಿನದ ನೀರಲ್ಲಿ ಅದ್ದಿ ಒಣಗಿಸಿದ ಬಿಳಿ ಕಾಗದವನ್ನು ಒದ್ದೆ ಮಾಡಿ ಲೋಟದ ಬಾಯಿಗೆ ಮುಚ್ಚಿ. ಕಾಗದಕ್ಕೆ ನೀರು ತಾಗಬಾರದು. ಮುಕ್ಕಾಲು ಗಂಟೆ, ಒಂದು ಗಂಟೆ ಕಾಯಿರಿ. ಹಸಿ ಹಿಟ್ಟಿನ ಲೋಟದ ಮೇಲಿನ ಅರಿಶಿನ, ಸುಣ್ಣ ಬಿದ್ದ ಆರತಿ ನೀರಿನ ಹಾಗೆ ಕೆಂಪಾಗುತ್ತೆ. ಕಾಗದಕ್ಕೆ ತಾಗಿದ್ದು ಬರೀ ಗಾಳಿ, ಆ ಗಾಳಿಯಲ್ಲಿ ಬಂದದ್ದು ಅಮೋನಿಯಾ. ಹುರಿದ ಹಿಟ್ಟಿನದು ಹಳದಿಯಾಗೇ ಉಳಿಯುತ್ತೆ, ಯಾಕಂದ್ರೆ ಬಿಸಿಗೆ ಕಿಣ್ವ ಕೆಟ್ಟಿರುತ್ತೆ. ಕಾಗದ ತೆಗೆದು ಬಯಲಲ್ಲಿಟ್ಟರೆ ಕೆಂಪು ಮೆಲ್ಲಗೆ ಇಳಿದು ಮತ್ತೆ ಹಳದಿಗೆ ಬರುತ್ತೆ. ಶಾಲೆ ಮಕ್ಕಳಿಗೂ ತೋರಿಸಬಹುದು. ಲೋಟಕ್ಕೆ ಮೂಗು ಇಟ್ಟು ಮೂಸೋಕೆ ಮಾತ್ರ ಬಿಡಬೇಡಿ, ಆ ಲೋಟಗಳನ್ನ ಮತ್ತೆ ಅಡುಗೆಮನೆಗೂ ತಗೊಂಡು ಹೋಗಬೇಡಿ.

ನಾಲೆಏರಿ

ಹಂಗಾದ್ರೆ ನಮ್ಮ ಕಡೆಯ ಹಳೇ ಪದ್ಧತಿನೇ ಸರಿ. ಮೇಲುಗೊಬ್ಬರಕ್ಕೆ ಮುಂಚೆ ತೂಬು ಕಟ್ಟಿ, ಗದ್ದೆ ಬಿರುಕು ಬಿಡೋವರೆಗೂ ಒಣಗಿಸಿ, ಯೂರಿಯಾ ಎರಚಿ ನೀರು ಕಟ್ಟೋದು. ಗೊಬ್ಬರ ಬಿರುಕಲ್ಲಿ ಇಳಿದು ಬೇರಿಗೆ ಸೇರ್ತದೆ.

ಗದ್ದೆಬದು

ಅರ್ಧ ಸರಿ. ನೀರು ಬಸಿದು ಹಾಕೋದು ಸರಿ. ಬಿರುಕು ಬಿಡೋವರೆಗೆ ಒಣಗಿಸೋದರಲ್ಲಿ ಎರಡನೇ ದಾರಿ ತೆರೆದುಕೊಳ್ಳುತ್ತೆ.

ಒಂದು ಗೇಣು ಉದ್ದದ ಪಾರದರ್ಶಕ ಪ್ಲಾಸ್ಟಿಕ್ ಪೈಪಿನ ತುಂಡನ್ನು ನೀರು ನಿಂತ ಗದ್ದೆಯ ಕೆಸರಿಗೆ ಒತ್ತಿ, ಮೇಲಿನ ಬಾಯಿ ಅಂಗೈಯಿಂದ ಮುಚ್ಚಿ ಎತ್ತಿ ನೋಡಿ. ಮೇಲೆ ಕೆಲವೇ ಮಿಲಿಮೀಟರ್ ದಪ್ಪದ ಕೆಂಗಂದು ಪದರ. ಅದರ ಕೆಳಗೆಲ್ಲ ಬೂದು ಬಣ್ಣ, ನೀಲಿ ಛಾಯೆ. ಮೇಲಿನ ಪದರಕ್ಕೆ ಆಮ್ಲಜನಕ ಸಿಗುತ್ತೆ, ಕೆಳಗಿನದಕ್ಕೆ ಇಲ್ಲ. ಮೇಲಿನ ಪದರದಲ್ಲಿ ಅಮೋನಿಯಂ ನೈಟ್ರೇಟ್ ಆಗುತ್ತೆ. ನೈಟ್ರೇಟ್ ಋಣ ವಿದ್ಯುದಂಶದ್ದು, ಜೇಡಿಗೆ ಅಂಟಲ್ಲ, ನೀರಿನ ಜೊತೆ ಕೆಳಗಿನ ಬೂದು ಪದರಕ್ಕೆ ಇಳಿಯುತ್ತೆ. ಅಲ್ಲಿ ಉಸಿರಾಡಲು ಆಮ್ಲಜನಕ ಇಲ್ಲದ ಸೂಕ್ಷ್ಮಜೀವಿಗಳು ನೈಟ್ರೇಟಿನ ಆಮ್ಲಜನಕವನ್ನೇ ಕಿತ್ತು ಉಸಿರಾಡುತ್ತವೆ. ಉಳಿಯೋದು ಸಾರಜನಕ ಅನಿಲ, ಗುಳ್ಳೆಯಾಗಿ ಎದ್ದು ಗಾಳಿಗೆ ಸೇರುತ್ತೆ.

ಗದ್ದೆಯನ್ನು ವಾರಗಟ್ಟಲೆ ಒಣಗಿಸಿದರೆ ಆ ಕೆಂಗಂದು ಪದರ ಮಿಲಿಮೀಟರ್‌ಗಳಿಂದ ಇಂಚುಗಳಿಗೆ ಬೆಳೆಯುತ್ತೆ. ಮಣ್ಣಿನಲ್ಲಿ ಸುರಕ್ಷಿತವಾಗಿ ಕೂತಿದ್ದ ಅಮೋನಿಯಂ ಕೂಡ ನೈಟ್ರೇಟ್ ಆಗಿಬಿಡುತ್ತೆ. ಆಮೇಲೆ ನೀರು ಕಟ್ಟಿದ ದಿನದಿಂದ ಅಷ್ಟೂ ನೈಟ್ರೇಟ್ ಹೊರಟುಹೋಗುತ್ತೆ. ಒಣಗಿಸು, ತುಂಬಿಸು, ಒಣಗಿಸು, ತುಂಬಿಸು ಅನ್ನೋ ನಾಲೆ ಸರದಿಯಲ್ಲಿ ಈ ನಷ್ಟ ಪ್ರತಿ ಸುತ್ತಿಗೂ ಆಗುತ್ತೆ.

ಮಾಡಬೇಕಾದ್ದು ಇಷ್ಟು. ನೀರು ಬಸಿದು ಕೆಸರು ಮಾತ್ರ ಉಳಿಸಿಕೊಳ್ಳಿ, ಕಾಲಿಟ್ಟರೆ ಹೂತುಕೊಳ್ಳುವ ಹದ. ಸಂಜೆ ನಾಲ್ಕರ ಮೇಲೆ ಯೂರಿಯಾ ಎರಚಿ. ಸಾಲು ನಾಟಿಯಾಗಿದ್ದರೆ ತಕ್ಷಣ ಕೋನೋವೀಡರ್ (ಸಾಲಿನ ನಡುವೆ ತಳ್ಳುವ ಕಳೆ ಯಂತ್ರ) ಓಡಿಸಿ, ಕಳೆಯೂ ಹೋಗುತ್ತೆ, ಗೊಬ್ಬರವೂ ಕೆಸರಿನೊಳಗೆ ಹೋಗುತ್ತೆ. 24ರಿಂದ 48 ಗಂಟೆ ಬಿಟ್ಟು ನೀರು ಕಟ್ಟಿ, ಒಂದೆರಡು ಇಂಚು ಸಾಕು. ಅದಕ್ಕಿಂತ ತಡ ಮಾಡಬೇಡಿ. ಬದುವಿನಲ್ಲಿ ಏಡಿ ತೂತು ಇದ್ದರೆ ಮೊದಲೇ ಮುಚ್ಚಿ. ಹಾಕಿದ ಮರುದಿನ ಗದ್ದೆಯಿಂದ ಗದ್ದೆಗೆ ನೀರು ಹರಿದರೆ ಯೂರಿಯಾ ಕೆಳಗಿನವರ ಮಡಿಗೆ ಸೇರುತ್ತೆ.

ಮಣ್ಣಿನ ಲ್ಯಾಬು

ಇದಕ್ಕೊಂದು ಸೇರಿಸುತ್ತೇನೆ. ಕೋನೋವೀಡರ್ ಇಲ್ಲದವರು ಯೂರಿಯಾವನ್ನು ಅದರ ಐದರಿಂದ ಹತ್ತು ಪಾಲು ಹಸಿ ಮಣ್ಣಿನಲ್ಲಿ ಕಲಸಿ, ಗೋಣಿ ಮುಚ್ಚಿ ನೆರಳಲ್ಲಿ ಒಂದೆರಡು ದಿನ ಇಟ್ಟು ಎರಚಬಹುದು. ಯೂರಿಯೇಸ್ ಕೆಲಸ ರಾಶಿಯೊಳಗೇ ನಡೆದು, ಅಮೋನಿಯಂ ಜೇಡಿಗೆ ಅಂಟಿದ ಮೇಲೆ ಗದ್ದೆಗೆ ಹೋಗುತ್ತೆ. ಮಣ್ಣು ಮುದ್ದೆಯಾಗುವಷ್ಟು ಮಾತ್ರ ಹಸಿ ಇರಲಿ. ಮರಳು ಮಣ್ಣಾದರೆ ಹಿಡಿದುಕೊಳ್ಳಲ್ಲ, ಗೋಣಿ ತೆಗೆದಾಗ ಘಾಟು ಬಂದರೆ ಕೈಯಿಂದ ಹೋಗುತ್ತಿದೆ ಅಂತಲೇ ಅರ್ಥ. ಕೆರೆಗೋಡು ಅಥವಾ ಎರೆಮಣ್ಣು ಒಳ್ಳೆಯದು.

ಎಲ್ಲಕ್ಕಿಂತ ಉತ್ತಮ ದಾರಿ ಆಳಕ್ಕೆ ಇಡೋದು. ಬಾಂಗ್ಲಾದೇಶದಲ್ಲಿ ಯೂರಿಯಾವನ್ನು ಒತ್ತಿ ಮಾಡಿದ ದೊಡ್ಡ ಗುಳಿಗೆಗಳನ್ನು ರೈತರು ವ್ಯಾಪಕವಾಗಿ ಬಳಸಿದ್ದಾರೆ. ನಾಟಿ ಆದ ಒಂದು ವಾರಕ್ಕೆ ನಾಲ್ಕು ಗುಣಿಗಳ (ಸಸಿ ನಾಟಿ ಮಾಡಿದ ಬುಡಗಳ) ನಡುವೆ ಒಂದರಂತೆ, 7ರಿಂದ 10 ಸೆಂಟಿಮೀಟರ್ ಆಳಕ್ಕೆ, ಬೂದು ಪದರದೊಳಗೆ. ಅಲ್ಲಿ ಆಮ್ಲಜನಕ ಇಲ್ಲವಾದ್ದರಿಂದ ಅಮೋನಿಯಂ ಅಮೋನಿಯಂ ಆಗಿಯೇ ಇರುತ್ತೆ. 20 ಸೆಂಟಿಮೀಟರ್ ಅಂತರದ ನಾಟಿಗೆ ಎಕರೆಯಲ್ಲಿ 25 ಸಾವಿರ ಜಾಗ ಬರುತ್ತೆ, 2.7 ಗ್ರಾಂ ಗುಳಿಗೆಯಾದರೆ 67 ಕೆಜಿ, ಅಂದರೆ ಅದೇ ಒಂದೂವರೆ ಚೀಲ, ಒಂದೇ ಸಲಕ್ಕೆ. ತೊಡಕು ಆಳಿನದು. ಮರಳು ಮಣ್ಣಿನ, ನೀರು ಬೇಗ ಇಂಗುವ ಗದ್ದೆಗೆ ಇದು ಬೇಡ.

ಎರೆಹೊಲ

ಭತ್ತ ಹಳದಿ ಆತಂದ್ರ ಎಲ್ಲಾರೂ ಯೂರಿಯಾ ಚೀಲ ಬಿಚ್ಚತಾರ. ಮೊದಲ ಯಾವ ಎಲಿ ಹಳದಿ ಆಗೇದ ನೋಡ್ರಿ. ಸಾರಜನಕ ಪೈರಿನೊಳಗ ಓಡಾಡೋ ವಸ್ತು, ಕಮ್ಮಿ ಬಿತ್ತಂದ್ರ ಹಳೇ ಎಲಿಯಿಂದ ಕಿತ್ತು ಹೊಸಾ ಎಲಿಗೆ ಕೊಡತೈತಿ. ಹಂಗಾಗಿ ಕೆಳಗಿನ ಎಲಿ ತುದಿಯಿಂದ ಹಳದಿ ಆಗ್ತಾವ. ಮ್ಯಾಲಿನ ಹೊಸ ಎಲಿನೇ ಬಿಳಚಿಕೊಂಡಿದ್ರ ಕಬ್ಬಿಣ ಇಲ್ಲಾ ಗಂಧಕ. ಒಣ ಬಿತ್ತನಿ ಭತ್ತದಾಗ ಕಬ್ಬಿಣದ ಕೊರತಿ ಭಾಳ. ನಾಟಿ ಆಗಿ ಎರಡರಿಂದ ನಾಕು ವಾರದಾಗ ಕೆಳಗಿನ ಎಲಿ ಮ್ಯಾಲ ತುಕ್ಕಿನಂಥ ಕಂದು ಚುಕ್ಕಿ ಬಂದು ಪೈರು ಕುಂತಬಿಟ್ರ ಅದು ಸತು. ಅದಕ್ಕ ಎಷ್ಟು ಯೂರಿಯಾ ಸುರುವಿದ್ರೂ ಹಸಿರಾಗಂಗಿಲ್ಲ. ಸತುವಿನ ಸಲ್ಫೇಟ್ ಎಕರೆಕ 8 ಕೆಜಿ ಮಣ್ಣಿಗೆ ಹಾಕಬೇಕು. ಡಿಎಪಿ ಜೋಡಿ ಮಾತ್ರ ಕಲಸಬ್ಯಾಡ್ರಿ, ರಂಜಕ ಅದನ್ನ ಹಿಡದು ಕೂಡಿಸತೈತಿ.

ಗದ್ದೆಬದು

ಸರಿಯಾದ ಮಾತು. ಸಾರಜನಕವೇ ಬೇಕೋ ಬೇಡವೋ ಅಂತ ತೀರ್ಮಾನಿಸೋಕೆ ಎಲೆ ಬಣ್ಣದ ಪಟ್ಟಿ ಇದೆ. ನಾಲ್ಕೋ ಆರೋ ಹಸಿರು ಪಟ್ಟೆ ಇರುವ ಪ್ಲಾಸ್ಟಿಕ್ ಪಟ್ಟಿ. ನಾಟಿ ಆದ 14ನೇ ದಿನದಿಂದ ಹೂ ಬರುವವರೆಗೆ ವಾರಕ್ಕೊಂದು ಸಲ, ಬೆಳಿಗ್ಗೆ 8ರಿಂದ 10ರೊಳಗೆ. ಗದ್ದೆಯ ಬೇರೆಬೇರೆ ಕಡೆ ಹತ್ತು ಗುಣಿ ಆರಿಸಿ, ಪ್ರತಿಯೊಂದರಲ್ಲೂ ಪೂರ್ತಿ ಬಿಚ್ಚಿದ ಮೇಲಿನ ಎಲೆಯ ನಡುಭಾಗವನ್ನು ಪಟ್ಟಿಯ ಮೇಲಿಟ್ಟು ಹೋಲಿಸಬೇಕು. ಎಲೆ ಕೀಳಬಾರದು. ಬೆನ್ನು ಸೂರ್ಯನಿಗೆ ಕೊಟ್ಟು ನಿಮ್ಮ ಮೈ ನೆರಳು ಪಟ್ಟಿಯ ಮೇಲೆ ಬೀಳುವಂತೆ ನಿಲ್ಲಬೇಕು, ಬಿಸಿಲಲ್ಲಿ ಎಲ್ಲ ಎಲೆಯೂ ತಿಳಿಯಾಗಿ ಕಾಣುತ್ತೆ. ಪ್ರತಿ ಸಲವೂ ಒಬ್ಬರೇ ನೋಡಬೇಕು. ನಾಟಿ ಭತ್ತದ ಹೆಚ್ಚಿನ ತಳಿಗಳಿಗೆ ಗಡಿ 4, ಸುವಾಸನೆ ಭತ್ತಕ್ಕೆ 3. ಹತ್ತರಲ್ಲಿ ಆರು ಅಥವಾ ಹೆಚ್ಚು ಎಲೆ ಗಡಿಗಿಂತ ತಿಳಿಯಿದ್ದರೆ ಎಕರೆಗೆ 20-22 ಕೆಜಿ ಯೂರಿಯಾ. ಇಲ್ಲದಿದ್ದರೆ ಚೀಲ ಮನೆಯಲ್ಲೇ ಇರಲಿ.

ಕಡುಹಸಿರು ಅಂದರೆ ಒಳ್ಳೆ ಬೆಳೆ ಅನ್ನೋ ಕಣ್ಣಿನ ಅಭ್ಯಾಸ ಬದಲಾಗಬೇಕು. ಅಗತ್ಯ ಮೀರಿದ ಸಾರಜನಕ ಎಲೆಯಲ್ಲಿ ಅಮೈನೋ ಆಮ್ಲವಾಗಿ ಹಾಗೇ ಉಳಿಯುತ್ತೆ, ಕಾಂಡ ಮೆತ್ತಗಾಗುತ್ತೆ. ಬೆಂಕಿರೋಗಕ್ಕೂ ಕಂದು ಜಿಗಿಹುಳುವಿಗೂ ಅದೇ ಬೇಕಾದದ್ದು. ತೆನೆ ತೂಗುವ ಹೊತ್ತಿಗೆ ಮಳೆಗಾಳಿ ಬಂದರೆ ಪೈರು ಮಲಗುತ್ತೆ.

ಸೊಪ್ಪಿನಬೆಟ್ಟ

ಚೀಲದ ಯೂರಿಯಾ ಬಗ್ಗೆ ಇಷ್ಟು ಮಾತಾಯಿತು, ಕೊಟ್ಟಿಗೆಯ ಯೂರಿಯಾವನ್ನೂ ನೋಡಿ. ದನ ಹೊರಹಾಕುವ ಸಾರಜನಕದಲ್ಲಿ ಹೆಚ್ಚುಕಡಿಮೆ ಅರ್ಧ ಗಂಜಲದಲ್ಲಿರುತ್ತದೆ, ಅದರಲ್ಲಿ ಬಹುಪಾಲು ಯೂರಿಯಾ. ಸಗಣಿಯ ಸೂಕ್ಷ್ಮಜೀವಿಗಳಲ್ಲಿ ಯೂರಿಯೇಸ್ ಧಾರಾಳ. ಕಾಂಕ್ರೀಟು ನೆಲದ ಮೇಲೆ ಎರಡೂ ಬೆರೆತರೆ ಬೆಳಗಾಗುವುದರೊಳಗೆ ಕಣ್ಣುರಿಯುವ ಘಾಟು. ಆ ಘಾಟೇ ಗದ್ದೆಗೆ ಹೋಗಬೇಕಿದ್ದ ಗೊಬ್ಬರ.

ಮಲೆನಾಡಿನಲ್ಲಿ ಕೊಟ್ಟಿಗೆಗೆ ದರಗೆಲೆ, ಸೊಪ್ಪು ಹಾಸುವುದು ಬರೀ ದನ ಮಲಗಲು ಮೆತ್ತಗಿರಲಿ ಅಂತಲ್ಲ. ಒಣ ಎಲೆ ಗಂಜಲ ಹೀರುತ್ತದೆ. ಇಂಗಾಲ ಹೆಚ್ಚಿರುವ ಆ ಎಲೆಯನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮೈ ಕಟ್ಟಿಕೊಳ್ಳಲು ಗಂಜಲದ ಅಮೋನಿಯಾವನ್ನೇ ಹಿಡಿದುಕೊಳ್ಳುತ್ತವೆ. ಹಾಸು ತೆಳ್ಳಗಾಗಿ ನೆಲ ಒದ್ದೆ ಕಂಡಿತೆಂದರೆ ಮತ್ತೊಂದು ಹೆಡಿಗೆ ಎಲೆ ಬೇಕು ಎಂದು ಲೆಕ್ಕ. ಗೊಬ್ಬರಗುಂಡಿ ಬಿಸಿಲಿಗೂ ಮಳೆಗೂ ತೆರೆದಿದ್ದರೆ ಇಷ್ಟು ಮಾಡಿದ್ದೂ ದಂಡ. ಬಿಸಿಲಲ್ಲಿ ಅಮೋನಿಯಾ ಏಳುತ್ತದೆ, ಮಳೆಯಲ್ಲಿ ನೈಟ್ರೇಟ್ ತೊಳೆದು ಹೋಗುತ್ತದೆ. ಮಾಡು ಬೇಕು, ಅದಾಗದಿದ್ದರೆ ಮೇಲೆ ನಾಲ್ಕು ಬೆರಳು ಮಣ್ಣಾದರೂ ಮುಚ್ಚಬೇಕು.

ಇದನ್ನು ಅತಿ ಮಾಡಿದರೆ ಇನ್ನೊಂದು ತೊಂದರೆ. ಇಂಗಾಲ ಸಾರಜನಕದ 25 ಪಟ್ಟಿಗಿಂತ ಬಹಳ ಹೆಚ್ಚಿರುವ ವಸ್ತುವನ್ನು, ಅಂದರೆ ಭತ್ತದ ಹುಲ್ಲು, ಕಬ್ಬಿನ ರವದಿ, ಮರದ ಹೊಟ್ಟು ಇಂಥದ್ದನ್ನು ಹಸಿಯಾಗಿ ಮಣ್ಣಿಗೆ ಸೇರಿಸಿ ತಕ್ಷಣ ಬಿತ್ತಿದರೆ, ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೂ ಎಳೆದುಕೊಂಡು ಪೈರನ್ನು ಹಳದಿ ಮಾಡುತ್ತವೆ. ಕೊಳೆತು ಮುಗಿದ ಮೇಲೆ ಅದೇ ಸಾರಜನಕ ವಾಪಸು ಬರುತ್ತದೆ, ಕಾಯಬೇಕು.

ಹಾಲುಡಬ್ಬ

ಅದೇ ಯೂರಿಯೇಸ್ ಕ್ರಿಯೆಯನ್ನು ಮುಚ್ಚಿಟ್ಟು ನಡೆಸಿದರೆ ಮೇವು ಮೃದುವಾಗುತ್ತೆ. ಭತ್ತದ ಒಣಹುಲ್ಲು 100 ಕೆಜಿ, ಯೂರಿಯಾ 4 ಕೆಜಿ, ನೀರು 50ರಿಂದ 60 ಲೀಟರ್. ಯೂರಿಯಾ ಪೂರ್ತಿ ಕರಗಬೇಕು. ಹುಲ್ಲನ್ನು ಪದರ ಪದರವಾಗಿ ಹಾಕಿ, ಪ್ರತಿ ಪದರಕ್ಕೂ ಒಂದೇ ಸಮ ಸಿಂಪಡಿಸಿ, ತುಳಿದು ಗಾಳಿ ತೆಗೆದು, ಪ್ಲಾಸ್ಟಿಕ್ ಹೊದಿಸಿ ಅಂಚಿಗೆ ಮಣ್ಣು ಹಾಕಿ 21 ದಿನ ಬಿಡಿ. ಹುಲ್ಲಿನಲ್ಲೇ ಇರುವ ಸೂಕ್ಷ್ಮಜೀವಿಗಳ ಯೂರಿಯೇಸ್ ಅಮೋನಿಯಾ ಮಾಡುತ್ತೆ, ಹೊರಗೆ ಹೋಗಲು ದಾರಿ ಇಲ್ಲದೆ ಅದು ಹುಲ್ಲಿನ ನಾರನ್ನು ಸಡಿಲಿಸುತ್ತೆ. ಹೊದಿಕೆಯಲ್ಲಿ ತೂತಿದ್ದರೆ ಆ ಜಾಗ ಬೂಸಲು ಹಿಡಿದಿರುತ್ತೆ, ಅದನ್ನು ತೆಗೆದು ಎಸೆಯಿರಿ.

ತಿನ್ನಿಸುವ ಮುನ್ನ ಒಂದು ಗಂಟೆ ಗಾಳಿಗೆ ಹರಡಿ. ಆರು ತಿಂಗಳೊಳಗಿನ ಕರುವಿಗೆ ಬೇಡ, ಅದರ ಮೆಲುಕು ಹೊಟ್ಟೆ ಇನ್ನೂ ಪೂರ್ತಿ ಬೆಳೆದಿರಲ್ಲ. ದೊಡ್ಡ ದನದ ಮೆಲುಕು ಹೊಟ್ಟೆಯ ಸೂಕ್ಷ್ಮಜೀವಿಗಳು ಈ ಅಮೋನಿಯಾದಿಂದ ಪ್ರೋಟೀನು ಕಟ್ಟುತ್ತವೆ, ದನ ಆ ಸೂಕ್ಷ್ಮಜೀವಿಗಳನ್ನೇ ಅರಗಿಸಿಕೊಳ್ಳುತ್ತೆ. ಗಾಳಿಯಿಂದ ಕಾರ್ಖಾನೆಗೆ, ಅಲ್ಲಿಂದ ಹುಲ್ಲಿಗೆ, ಹಾಲಿಗೆ ಸಾರಜನಕ ಬರುವ ದಾರಿ ಇದು. ಯೂರಿಯಾ ನೀರಿನ ಬಕೆಟ್ ಮಾತ್ರ ದನದ ಬಾಯಿಗೆ ಸಿಗುವ ಕಡೆ ಇಡಲೇಬೇಡಿ, ನೇರ ಕುಡಿದರೆ ಸ್ವಲ್ಪ ಹೊತ್ತಿನಲ್ಲೇ ಪ್ರಾಣಕ್ಕೆ ಬರುತ್ತೆ.

ಎರೆಹೊಲ

ಮೇವಿನ ಮಾತು ಬಂತು, ಜೋಳದ ವಿಷಯ ಹೇಳಲೇಬೇಕು. ಯೂರಿಯಾ ಹಾಕಿದ ಜೋಳ ಮಳಿ ಇಲ್ಲದ ಬಾಡಿದಾಗ ಬೇರು ನೈಟ್ರೇಟ್ ಎಳಕೋತೈತಿ, ಆದ್ರ ಎಲಿ ಅದನ್ನ ಪ್ರೋಟೀನು ಮಾಡಾಕ ಆಗಂಗಿಲ್ಲ. ದಂಟಿನ ಬುಡದಾಗ ಕೂಡಕೋತೈತಿ. ದನ ತಿಂದ್ರ ಹೊಟ್ಟ್ಯಾಗ ನೈಟ್ರೈಟ್ ಆಗಿ ರಕ್ತದಾಗ ಆಮ್ಲಜನಕ ಹೊರೋ ಶಕ್ತಿ ಹೋಗತೈತಿ. ರಕ್ತ ಚಾಕಲೇಟ್ ಬಣ್ಣಕ್ಕ ತಿರುಗಿದ್ರ ಇದು, ಹೊಳಿಯೋ ಚೆರ್ರಿ ಕೆಂಪು ಇದ್ರ ಎಳೆ ಜೋಳದ ಸೈನೈಡ್ ವಿಷ. ಎರಡಕ್ಕೂ ಔಷಧ ಬ್ಯಾರೆ ಬ್ಯಾರೆ. ನೈಟ್ರೇಟ್ ವಿಷಕ್ಕ ಪಶುವೈದ್ಯರು ಮಿಥಿಲೀನ್ ಬ್ಲೂ ರಕ್ತನಾಳಕ್ಕ ಕೊಡತಾರ, ತಡಾ ಮಾಡಬಾರದು. ಬರದಾಗ ಬೆಳದ ಮೇವು ಕೊಯ್ಯೋದಾದ್ರ ಬುಡದಿಂದ ಒಂದು ಅಡಿ ಬಿಟ್ಟು ಕೊಯ್ರಿ. ಗಾಳಿ ಆಡದಂಗ ಮುಚ್ಚಿ ಹುಳಿ ಬರಿಸಿ ರಸಮೇವು ಮಾಡಿದ್ರ ನೈಟ್ರೇಟ್ ಅರ್ಧದಷ್ಟು ಇಳಿತೈತಿ. ಒಣಗಿಸಿದ್ರ ಇಳಿಯಂಗಿಲ್ಲ, ಇದನ್ನ ನೆನಪಿಡ್ರಿ.

ನಾಲೆಏರಿ

ಜೀವಾಮೃತ ಹಾಕಿದ್ರೆ ಯೂರಿಯಾನೇ ಬೇಡ ಅಂತಾರಲ್ಲ, ಅದರಲ್ಲಿ ಸಾರಜನಕ ಎಷ್ಟಿರ್ತದೆ?

ಬೇರುಗಂಟು

ಎಕರೆಗೆ 200 ಲೀಟರ್ ಲೆಕ್ಕ ಹಾಕಿ. ಸಗಣಿ 10 ಕೆಜಿಯಲ್ಲಿ 30-40 ಗ್ರಾಂ, ಗಂಜಲ 10 ಲೀಟರಿನಲ್ಲಿ ಹೆಚ್ಚೆಂದರೆ 100 ಗ್ರಾಂ, 2 ಕೆಜಿ ದ್ವಿದಳ ಹಿಟ್ಟಿನಲ್ಲಿ 70 ಗ್ರಾಂ. ಬೆಲ್ಲದಲ್ಲಿ ಇಲ್ಲವೆನ್ನುವಷ್ಟು. ಒಟ್ಟು 200 ಗ್ರಾಂ ಸುತ್ತಮುತ್ತ. ಪೈರು ತೆಗೆಯೋದು 43 ಕೆಜಿ. ಜೀವಾಮೃತ ಹಾಕುವವರು ಬೇಡ ಅನ್ನಬೇಕಿಲ್ಲ, ಸೂಕ್ಷ್ಮಜೀವಿಗಳಿಗೆ ಆಹಾರವಾಗಿ ಹಾಕಲಿ. ಸಾರಜನಕ ಮಾತ್ರ ಬೇರೆ ಕಡೆಯಿಂದ ಬರಲೇಬೇಕು.

ಬರೋ ದಾರಿ ದ್ವಿದಳ. ಗಾಳಿಯಲ್ಲಿ ಶೇ 78 ಸಾರಜನಕ, ಆದರೆ ಎರಡು ಪರಮಾಣು ಮೂರು ಬಂಧದಲ್ಲಿ ಕಚ್ಚಿಕೊಂಡಿವೆ. ಅದನ್ನು ಬಿಡಿಸೋಕೆ ಕಾರ್ಖಾನೆಗೆ 400 ಡಿಗ್ರಿ ಮೀರಿದ ಬಿಸಿ, ನೂರಾರು ಪಟ್ಟು ಒತ್ತಡ ಬೇಕು. ಜರ್ಮನಿಯ ರಸಾಯನ ವಿಜ್ಞಾನಿ ಹೇಬರ್ 1909ರಲ್ಲಿ ತೋರಿಸಿದ್ದು, ಬಾಷ್ 1913ರಲ್ಲಿ ಜರ್ಮನಿಯ ಒಪ್ಪಾವಿನಲ್ಲಿ ಕಾರ್ಖಾನೆಗೆ ತಂದಿದ್ದು ಇದನ್ನೇ. ದ್ವಿದಳ ಗಿಡದ ಬೇರುಗಂಟಿನಲ್ಲಿರುವ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಅದನ್ನೇ ಮಣ್ಣಿನ ಬಿಸಿಯಲ್ಲಿ ಮಾಡುತ್ತೆ, ಬದಲಿಗೆ ಗಿಡ ಸಕ್ಕರೆ ಕೊಡುತ್ತೆ.

ಭತ್ತಕ್ಕೆ ಮುಂಚೆ ಡಯಾಂಚ ಅಥವಾ ಅಪ್ಸೆಣಬು ಎಂಬ ಹಸಿರೆಲೆ ಗೊಬ್ಬರದ ಗಿಡ ಎಕರೆಗೆ 10-12 ಕೆಜಿ ಬಿತ್ತಿ, 45ನೇ ದಿನದ ಹೊತ್ತಿಗೆ ಹೂ ಕಾಣುವಾಗ ಕೆಸರಿಗೆ ತುಳಿಸಬೇಕು. 60 ದಿನ ದಾಟಿದರೆ ಕಾಂಡ ಬಲಿತು ನಾರಾಗುತ್ತೆ, ಸೊಪ್ಪಿನಬೆಟ್ಟದವರು ಹೇಳಿದ ಇಂಗಾಲದ ತೊಂದರೆ ಅಲ್ಲೂ ಬರುತ್ತೆ. ಒಳ್ಳೆ ಬೆಳೆ ಬಂದರೆ ಹೆಕ್ಟೇರಿಗೆ 60-80 ಕೆಜಿ ಸಾರಜನಕ ಮಣ್ಣಿಗೆ ಸೇರುತ್ತೆ.

ಗಂಟು ಕೆಲಸ ಮಾಡ್ತಿದೆಯಾ ಅಂತ ನೋಡೋಕೆ 30-35 ದಿನದ ಗಿಡವನ್ನು ಸನಿಕೆಯಿಂದ ಮಣ್ಣು ಸಮೇತ ಎತ್ತಿ, ನೀರಲ್ಲಿ ತೊಳೆದು, ಗಂಟನ್ನು ಉಗುರಿಂದ ಸೀಳಿ. ಒಳಗೆ ಮಾಂಸದ ಹಾಗೆ ಗುಲಾಬಿ ಕೆಂಪಿದ್ದರೆ ಕೆಲಸ ನಡೆದಿದೆ. ಅದು ರಕ್ತದ ಹಿಮೋಗ್ಲೋಬಿನ್ನಿನ ಸಂಬಂಧಿ ವಸ್ತು, ಆಮ್ಲಜನಕವನ್ನು ಹದದಲ್ಲಿಡುತ್ತೆ. ಬಿಳಿ ಇದ್ದರೆ ಇನ್ನೂ ಶುರುವಾಗಿಲ್ಲ ಅಥವಾ ಒಗ್ಗದ ತಳಿ ಹೊಕ್ಕಿದೆ. ಹಸಿರು ಕಂದು ಆಗಿದ್ದರೆ ಮುಗಿದಿದೆ. ಗಿಡ ಕಿತ್ತರೆ ಗಂಟು ಮಣ್ಣಲ್ಲೇ ಉಳಿದು ಬೇರು ಬೋಳಾಗಿ ಕಾಣುತ್ತೆ, ಅದಕ್ಕೇ ಸನಿಕೆ.

ರಾಗಿಯ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ ಹಾಕೋದು ಒಳ್ಳೆಯದೇ. ಆದರೆ ಕಾಳು ಕೊಯ್ದ ಮೇಲೂ ನೆಲಕ್ಕೆ ಭಾರೀ ಸಾರಜನಕ ಉಳಿಯುತ್ತೆ ಅನ್ನೋದು ಅತಿ ನಂಬಿಕೆ. ತೊಗರಿಕಾಳಿನಲ್ಲಿ ಪ್ರೋಟೀನು ಶೇ 22, ಅಂದರೆ ಸಾರಜನಕ ಶೇ 3.5. ನಾಲ್ಕು ಕ್ವಿಂಟಲ್ ಕಾಳಿನ ಜೊತೆ 14 ಕೆಜಿ ಮನೆಗೆ ಬಂತು. ಉದುರಿದ ಎಲೆ, ಬೇರಿನಲ್ಲಿದ್ದದ್ದು ಮಾತ್ರ ಹೊಲದ ಪಾಲು.

ಒಣಭೂಮಿ

ನೈಟ್ರೇಟ್ ಕೆಳಗೆ ಇಳಿದ ಮೇಲೆ ಏನಾಗುತ್ತೆ ಅನ್ನೋದನ್ನ ಯಾರೂ ಬರೆದಿಲ್ಲ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಕರ್ನಾಟಕದ ಮಾದರಿಗಳಲ್ಲಿ ಶೇ 48ರಲ್ಲಿ ನೈಟ್ರೇಟ್ ಮಿತಿ ದಾಟಿತ್ತು. ರಾಜಸ್ಥಾನ ಬಿಟ್ಟರೆ ನಾವೇ. ಕುಡಿಯುವ ನೀರಿಗೆ ಭಾರತೀಯ ಮಿತಿ ಲೀಟರಿಗೆ 45 ಮಿಲಿಗ್ರಾಂ. ಮೂಲ ಬರೀ ಯೂರಿಯಾ ಅಲ್ಲ. ದಿನಕ್ಕೆ 60 ಗ್ರಾಂ ಪ್ರೋಟೀನು ತಿನ್ನುವ ಒಬ್ಬರ ದೇಹದಿಂದ 9-10 ಗ್ರಾಂ ಸಾರಜನಕ ಹೊರಬೀಳುತ್ತೆ. ಊರಿನ ನಡುವೆ ಶೌಚದ ಗುಂಡಿ, ಅದರ ಪಕ್ಕ ತಿಪ್ಪೆ, ಅದರ ಪಕ್ಕ ಬೋರ್‌ವೆಲ್ ಇದ್ದರೆ ಬಂಡೆಯ ಬಿರುಕಿನಲ್ಲಿ ಇಳಿಯೋಕೆ ಬೇರೆ ದಾರಿ ಬೇಕಿಲ್ಲ.

ಪರೀಕ್ಷೆ ವರದಿ ಓದುವಾಗ ಒಂದು ಎಚ್ಚರ. ಕೆಲವು ಲ್ಯಾಬುಗಳು ನೈಟ್ರೇಟ್ ಎಂದು ಕೊಡುತ್ತವೆ, ಕೆಲವು ನೈಟ್ರೇಟ್ ಸಾರಜನಕ ಎಂದು. ಎರಡನೆಯದನ್ನು 4.43ರಿಂದ ಗುಣಿಸಬೇಕು. ಸಾರಜನಕದ ಲೆಕ್ಕದಲ್ಲಿ 12 ಬಂದಿದ್ದರೆ ಅದು 53, ಮಿತಿ ದಾಟಿದೆ. ಮಾದರಿ ಹಿಡಿಯೋಕೆ ಮೋಟಾರ್ ಹತ್ತು ನಿಮಿಷ ಓಡಿಸಿ, ತೊಳೆದ ಅರ್ಧ ಲೀಟರ್ ಬಾಟಲಿಯನ್ನು ಕಂಠಪೂರ್ತಿ ತುಂಬಿ, ಐಸ್‌ನಲ್ಲಿಟ್ಟು ಮರುದಿನದೊಳಗೆ ತಲುಪಿಸಿ.

ಕಾಯಿಸಿದರೆ ನೈಟ್ರೇಟ್ ಹೋಗಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತೆ. ಬಟ್ಟೆ, ಮರಳು, ಇದ್ದಿಲಿನ ಫಿಲ್ಟರ್ ಹಿಡಿಯಲ್ಲ. ಆರ್‌ಒ ಹಿಡಿಯುತ್ತೆ, ಆದರೆ ಅದರ ತ್ಯಾಜ್ಯ ನೀರಿನಲ್ಲಿ ಅಷ್ಟೂ ಇರುತ್ತೆ, ಅದನ್ನು ಗಿಡಕ್ಕೆ ಬಿಡಿ, ಇಂಗುಗುಂಡಿಗೆ ಬೇಡ. ಆರು ತಿಂಗಳೊಳಗಿನ ಮಗುವಿಗೆ ಬಾಟಲಿ ಹಾಲು ಕಲಸಲು ಇಂಥ ನೀರು ಬಳಸಲೇಬಾರದು. ದನದ ರಕ್ತಕ್ಕೆ ಆಗುವುದೇ ಮಗುವಿಗೂ ಆಗುತ್ತೆ, ತುಟಿ ಉಗುರು ನೀಲಿಗಟ್ಟುತ್ತೆ.

ಬೆಳೆಗೆ ಮಾತ್ರ ಈ ನೀರು ಗೊಬ್ಬರವೇ. ಒಂದು ಎಕರೆಗೆ ಒಂದು ಇಂಚು ನೀರು ಅಂದರೆ ಸುಮಾರು 1.03 ಲಕ್ಷ ಲೀಟರ್. 45 ಮಿಲಿಗ್ರಾಂ ನೈಟ್ರೇಟ್ ಇರುವ ನೀರಿನಲ್ಲಿ ಅಷ್ಟಕ್ಕೆ 1 ಕೆಜಿ ಸಾರಜನಕ. ನೀರಿನಲ್ಲಿ 90 ಇದ್ದು, ತರಕಾರಿಗೆ ಬೆಳೆಯುದ್ದಕ್ಕೂ 16 ಇಂಚು ಕೊಟ್ಟರೆ 33 ಕೆಜಿ, ಒಂದೂವರೆ ಚೀಲ ಯೂರಿಯಾ. ಅಷ್ಟನ್ನು ಶಿಫಾರಸಿನಿಂದ ಕಳೆಯದೆ ಪೂರ್ತಿ ಹಾಕಿದರೆ ಮತ್ತೆ ಅದೇ ಬೋರ್‌ವೆಲ್ಲಿಗೆ ಇಳಿಯುತ್ತೆ.

ಮಣ್ಣಿನ ಲ್ಯಾಬು

ಗಾಳಿಗೆ ಹೋಗುವ ಪಾಲಿನಲ್ಲಿ ಒಂದು ಭಾಗ ನೈಟ್ರಸ್ ಆಕ್ಸೈಡ್. ನೈಟ್ರೇಟ್ ಒಡೆಯುವ ಕೆಲಸ ಪೂರ್ತಿಯಾದರೆ ಬರೋದು ನಿರಪಾಯದ ಸಾರಜನಕ, ಅರ್ಧಕ್ಕೆ ನಿಂತರೆ ಈ ಅನಿಲ. ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 273 ಪಟ್ಟು ಬಿಸಿ ಹಿಡಿಯುತ್ತೆ. ಸದಾ ನೀರು ನಿಂತ ಗದ್ದೆಯಲ್ಲಿ ಇದು ಕಮ್ಮಿ, ಮೀಥೇನ್ ಹೆಚ್ಚು. ಅರೆ ಒಣ ಅರೆ ಹಸಿ ಇದ್ದಾಗ ಇದು ಏರುತ್ತೆ. ನೀರು ಉಳಿಸಲು ಗದ್ದೆಯನ್ನು ಸರದಿಯಲ್ಲಿ ಒಣಗಿಸುವವರು ಯೂರಿಯಾ ಹಾಕಿದ ಹತ್ತು ದಿನ ಒಣಗಿಸದೆ, ಆಮೇಲೆ ಶುರು ಮಾಡಿದರೆ ಎರಡೂ ಹಿಡಿತದಲ್ಲಿರುತ್ತವೆ.

ನಾಲೆಏರಿ

ಕೊನೇದಾಗಿ, 135 ದಿನದ ತಳಿಗೆ ಒಂದೂವರೆ ಚೀಲವನ್ನ ಯಾವಾಗ ಯಾವಾಗ ಹಾಕೋದು? ದಿನದ ಲೆಕ್ಕ ಬಿಟ್ಟು ಗಿಡ ನೋಡಿ ಹೇಳೋ ಗುರುತು ಬೇಕು.

ಗದ್ದೆಬದು

ನಾಟಿಗೆ ಮುಂಚಿನ ಕೊನೆ ದಮ್ಮಿನಲ್ಲಿ (ಕೆಸರು ಉಳುಮೆಯಲ್ಲಿ) ನಿಂತ ನೀರು ಬಸಿದು ಡಿಎಪಿ ಒಂದು ಚೀಲ, ಯೂರಿಯಾ 24 ಕೆಜಿ ಕೆಸರಿಗೆ ಸೇರಿಸಿ. ಡಯಾಂಚ ತುಳಿಸಿದ್ದರೆ ಈ 24 ಕೆಜಿ ಬೇಡ. ಎರಡನೇ ಸಲ 22 ಕೆಜಿ, ಬುಡದಲ್ಲಿ ನಾಲ್ಕೈದು ತೆಂಡೆ ಕಂಡು ಎಲೆ ಪಟ್ಟಿ ಗಡಿಗಿಂತ ಕೆಳಗೆ ತೋರಿಸಿದಾಗ, ಸಾಮಾನ್ಯವಾಗಿ 20-25ನೇ ದಿನ.

ಮೂರನೆಯದು ತೆನೆ ಮೊಳೆಯುವಾಗ, 25 ದಿನದ ಸಸಿ ನಾಟಿಯಾಗಿದ್ದರೆ ಸುಮಾರು 45ನೇ ದಿನ. ಗುರುತು ಹೀಗೆ: ಗುಣಿಯ ಎಲ್ಲಕ್ಕಿಂತ ದಪ್ಪ ತಾಯಿ ತೆಂಡೆಯನ್ನು ಬುಡಕ್ಕೆ ಕೊಯ್ದು, ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಮೇಲಿನ ಗಿಣ್ಣಿನ ತಲೆಯ ಮೇಲೆ ಒಂದೆರಡು ಮಿಲಿಮೀಟರಿನ ಬಿಳಿ ಮೊನೆ, ತುದಿಯಲ್ಲಿ ತುಪ್ಪಳದ ಹಾಗೆ ಸಣ್ಣ ಎಳೆ ಕಂಡರೆ ಆ ವಾರವೇ 22 ಕೆಜಿ. ಐದು ತೆಂಡೆ ಸೀಳಿದರೆ ಮೂರರಲ್ಲಿ ಕಾಣಬೇಕು. ಹೊಡೆ ಉಬ್ಬಿ ಹೊರಗೇ ಕಾಣುವಾಗ ತಡವಾಗಿರುತ್ತೆ, ಆಗ ಹಾಕಿದ್ದು ಕಾಳಿನ ಸಂಖ್ಯೆಗೆ ಸೇರಲ್ಲ, ಕುತ್ತಿಗೆ ಬೆಂಕಿರೋಗಕ್ಕೆ ದಾರಿ ಮಾಡುತ್ತೆ.